ಚರ್ಚ್ ಆಡಳಿತದ ಪಿಯು ಕಾಲೇಜಿಗೆ ಸೇರಿಸುವುದು ಹೇಗೆ: ಕಲಬುರಗಿ, ಬೀದರ್, ಯಾದಗಿರಿಯ ಪಾಲಕರಿಗೆ

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಕಾನ್ವೆಂಟ್ ಗೇಟಿನ ಮುಂದೆ ನಿಲ್ಲುವ ಪಾಲಕರಲ್ಲಿ ಬಹಳ ಮಂದಿಯ ಲೆಕ್ಕ ಒಂದೇ: ಅಂಕ ಹೆಚ್ಚಿದ್ದರೆ ಸೀಟು, ಕಡಿಮೆಯಿದ್ದರೆ ವಶೀಲಿ. ಎರಡೂ ಅರ್ಧ ಸುಳ್ಳು. ಚರ್ಚ್ ನಡೆಸುವ ಪಿಯು ಕಾಲೇಜಿನಲ್ಲಿ ಸೀಟು ಒಂದೇ ಪಟ್ಟಿಯಿಂದ ತುಂಬುವುದಿಲ್ಲ. ನಿಮ್ಮ ಮಗ ಅಥವಾ ಮಗಳ ಹೆಸರು ಯಾವ ಪಟ್ಟಿಗೆ ಹೋಗುತ್ತದೆ, ಆ ಪಟ್ಟಿಗೆ ಬೇಕಾದ ಕಾಗದ ನಿಮ್ಮ ಕೈಯಲ್ಲಿದೆಯೇ ಎಂಬುದೇ ಅರ್ಧ ಕೆಲಸ. ಶೇ 88 ತೆಗೆದ ಮಗು ಹೊರಗುಳಿದು ಶೇ 71 ತೆಗೆದ ಮಗು ಒಳಗೆ ಹೋದರೆ ಅದರ ಹಿಂದೆ ಪ್ರತಿಸಲ ಡೊನೇಶನ್ ಇರಬೇಕೆಂದಿಲ್ಲ. ಇಬ್ಬರೂ ಬೇರೆ ಬೇರೆ ಪಟ್ಟಿಯಲ್ಲಿ ನಿಂತಿರುತ್ತಾರೆ.

ಪಟ್ಟಿಗಳು ಯಾವುವು

ಮೊದಲನೆಯದು ಅದೇ ಆವರಣದ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವರದು. ಇವರಿಗೆ ಸಾಮಾನ್ಯವಾಗಿ ಆದ್ಯತೆ ಇರುತ್ತದೆ, ಖಾತ್ರಿ ಇರುವುದಿಲ್ಲ. ಪ್ರೌಢಶಾಲೆ ಬೇರೆ, ಪದವಿ ಪೂರ್ವ ಕಾಲೇಜು ಬೇರೆ. ಒಂದೇ ಕಾಂಪೌಂಡಿನೊಳಗಿದ್ದರೂ ಹೊಸದಾಗಿ ಅರ್ಜಿ ಹಾಕಬೇಕು, ವಿಜ್ಞಾನಕ್ಕೆ ಕನಿಷ್ಠ ಅಂಕ ಇಟ್ಟಿದ್ದರೆ ಅದನ್ನು ದಾಟಲೇಬೇಕು. "ನಮ್ಮ ಹುಡುಗ ಎಲ್‌ಕೆಜಿಯಿಂದ ಇಲ್ಲೇ ಓದ್ಯಾನ" ಎಂದು ಅರ್ಜಿಯನ್ನೇ ಹಾಕದೆ ಕುಳಿತವರು ಜೂನ್‌ನಲ್ಲಿ ಬೇರೆ ಕಾಲೇಜು ಹುಡುಕುತ್ತಾರೆ.

ಎರಡನೆಯದು ಸಮುದಾಯದ ಪಟ್ಟಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ತಮ್ಮ ಮಕ್ಕಳಿಗೆ ಒಂದು ಪಾಲು ಇಡುವುದು ಅದರ ಭಾಗ. ಸರ್ಕಾರದ ಅನುದಾನ ಪಡೆಯುವ ಸಂಸ್ಥೆ ಎಷ್ಟು ಪಾಲು ಇಡಬಹುದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದಾಗ 1992ರಲ್ಲಿ ಶೇ 50ರ ಮಿತಿ ಬಂತು. 2002ರ ಹನ್ನೊಂದು ನ್ಯಾಯಮೂರ್ತಿಗಳ ತೀರ್ಪು ಆ ಗಟ್ಟಿ ಸಂಖ್ಯೆಯನ್ನು ಸಡಿಲಿಸಿ, ಸ್ಥಳೀಯ ಅಗತ್ಯ ನೋಡಿ ರಾಜ್ಯ ಸರ್ಕಾರ ನಿರ್ಧರಿಸಲಿ ಎಂದಿತು. ಸಮುದಾಯ ಎಂದರೆ ಕೆಲವು ಕಡೆ ಎಲ್ಲ ಕ್ರೈಸ್ತರು. ಇನ್ನು ಕೆಲವು ಕಡೆ ಮೊದಲು ತಮ್ಮ ಸಭೆಯವರು, ಆಮೇಲೆ ಉಳಿದ ಕ್ರೈಸ್ತರು. ಕ್ಯಾಥೊಲಿಕ್ ಕಾಲೇಜಿಗೆ ಮೆಥೊಡಿಸ್ಟ್ ಕುಟುಂಬ, ಮೆಥೊಡಿಸ್ಟ್ ಸಂಸ್ಥೆಗೆ ಕ್ಯಾಥೊಲಿಕ್ ಕುಟುಂಬ ಅರ್ಜಿ ಹಾಕುವುದು ನಮ್ಮಲ್ಲಿ ಮಾಮೂಲು. ಹಾಗಾಗಿ ಈ ಕ್ರಮವನ್ನು ಮೊದಲೇ ಕೇಳಿಕೊಳ್ಳಿ.

ಮೂರನೆಯದು ಹೊರಗಿನವರ ಮೆರಿಟ್ ಪಟ್ಟಿ. ಧರ್ಮ ಯಾವುದಾದರೂ ಇಲ್ಲಿ ಅಂಕವೇ ಮಾತಾಡುತ್ತದೆ. ಇನ್ನು ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ರೋಸ್ಟರ್, ಅಂದರೆ ಮೀಸಲು ಸೀಟಿನ ಹಂಚಿಕೆ, ವಿಷಯ. ಅನುದಾನರಹಿತ ಅಲ್ಪಸಂಖ್ಯಾತ ಸಂಸ್ಥೆಯಲ್ಲಿ ಸರ್ಕಾರಿ ಕಾಲೇಜಿನಂತೆಯೇ ಮೀಸಲು ಸೀಟು ಸಿಗುತ್ತದೆ ಎಂದುಕೊಳ್ಳಬೇಡಿ. ಸಂವಿಧಾನದ 15(5) ವಿಧಿ ಖಾಸಗಿ ಸಂಸ್ಥೆಗಳಲ್ಲಿ ಮೀಸಲಾತಿಗೆ ದಾರಿ ಮಾಡುವಾಗಲೇ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಹೊರಗಿಟ್ಟಿದೆ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಕೂಡ ಇಲ್ಲಿ ನೆರವಿಗೆ ಬರುವುದಿಲ್ಲ; ಅದು 6ರಿಂದ 14 ವರ್ಷದವರ ಕಾಯ್ದೆ, ಎಂಟನೇ ತರಗತಿಗೆ ಮುಗಿಯುತ್ತದೆ.

ಪ್ರಾಸ್ಪೆಕ್ಟಸ್ ಕೊಳ್ಳುವ ಮೊದಲು ಆಫೀಸಿನ ಗುಮಾಸ್ತರಿಗೆ ಮೂರು ಪ್ರಶ್ನೆ ಕೇಳಿ: ಕಾಲೇಜು ಅನುದಾನಿತವೋ ಅಲ್ಲವೋ, ಸಮುದಾಯದ ಪಾಲು ಎಷ್ಟು, ಹೊರಗಿನವರಿಗೆ ವಿಜ್ಞಾನದಲ್ಲಿ ಹೋದ ವರ್ಷ ಕೊನೆಯ ಸೀಟು ಎಷ್ಟು ಅಂಕಕ್ಕೆ ನಿಂತಿತು. ಮೂರನೆಯ ಉತ್ತರ ಸಿಕ್ಕರೆ ಉಳಿದದ್ದನ್ನು ನೀವೇ ಅಂದಾಜು ಮಾಡಬಹುದು.

ಮೊದಲು ನೋಡಬೇಕಾದ್ದು

"ಹನ್ನೊಂದನೇ ಕ್ಲಾಸ್" ಎಂದು ಬೋರ್ಡ್ ಇದ್ದಮಾತ್ರಕ್ಕೆ ಅದು ಪಿಯುಸಿ ಆಗಬೇಕಿಲ್ಲ. ಕ್ರೈಸ್ತ ಸಂಸ್ಥೆಗಳಲ್ಲಿ ಐಸಿಎಸ್‌ಇ, ಸಿಬಿಎಸ್‌ಇ ಶಾಲೆಗಳೂ ಇವೆ. ಅಲ್ಲಿನ ಹನ್ನೊಂದು-ಹನ್ನೆರಡು ದಿಲ್ಲಿ ಮೂಲದ ಮಂಡಳಿಗಳದು. ನಮ್ಮ ಪಿಯುಸಿ ರಾಜ್ಯದ ಪದವಿ ಪೂರ್ವ ಶಿಕ್ಷಣ ಇಲಾಖೆಯದು, ದ್ವಿತೀಯ ಪಿಯುಸಿ ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಪಿಯು ಕಾಲೇಜಾದರೆ ಇಲಾಖೆ ಕೊಟ್ಟ ಕಾಲೇಜು ಕೋಡ್ ಇರಬೇಕು. ಕಾಲೇಜಿಗೆ ಮಾನ್ಯತೆ ಇದ್ದರೂ ನಿಮಗೆ ಬೇಕಾದ ಕಾಂಬಿನೇಶನ್‌ಗೆ (ನಾಲ್ಕು ವಿಷಯಗಳ ಗುಂಪಿಗೆ) ಇಲ್ಲದಿರಬಹುದು. ಹೊಸದಾಗಿ ಪಿಸಿಎಂಸಿ (ಭೌತ, ರಸಾಯನ, ಗಣಿತ, ಕಂಪ್ಯೂಟರ್) ಶುರು ಮಾಡುತ್ತೇವೆ ಎನ್ನುವ ಕಡೆ ಅನುಮತಿ ಪತ್ರ ತೋರಿಸಲು ಹೇಳಿ, ಅಥವಾ ಜಿಲ್ಲೆಯ ಪದವಿ ಪೂರ್ವ ಉಪನಿರ್ದೇಶಕರ ಕಚೇರಿಯಲ್ಲಿ ಕೇಳಿ. ಅನುಮತಿ ಇಲ್ಲದೆ ಸೇರಿಸಿಕೊಂಡು ಪರೀಕ್ಷೆಯ ಹೊತ್ತಿಗೆ ಬೇರೆ ಕಾಲೇಜಿನ ಹೆಸರಿನಲ್ಲಿ ಕೂರಿಸುವುದು ಉಂಟು; ಆಗ ಅಂಕಪಟ್ಟಿಯಲ್ಲಿ ಬರುವ ಕಾಲೇಜಿನ ಮುಖವನ್ನೇ ಮಗು ನೋಡಿರುವುದಿಲ್ಲ.

ದಿನಾಂಕದ ಲೆಕ್ಕ

ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಮಾರ್ಚ್-ಏಪ್ರಿಲ್‌ನಲ್ಲಿ ನಡೆದು ಫಲಿತಾಂಶ ಮೇ ಮೊದಲ ಭಾಗದಲ್ಲಿ ಬರುತ್ತಿದೆ: 2024ರಲ್ಲಿ ಮೇ 9ಕ್ಕೆ, 2025ರಲ್ಲಿ ಮೇ 2ಕ್ಕೆ. ಪ್ರಥಮ ಪಿಯು ಜೂನ್ ಆರಂಭದಲ್ಲಿ ಶುರು. ನಡುವೆ ಉಳಿಯುವುದು ಮೂರ್ನಾಲ್ಕು ವಾರ. ಅದರಲ್ಲೇ ಮದುವೆ ಸೀಜನ್, ನಲವತ್ತೆರಡರ ಬಿಸಿಲು, ನಾಡಕಚೇರಿಯ ಸರ್ವರ್. ಕಾಗದದ ಕೆಲಸ ಪರೀಕ್ಷೆ ಮುಗಿದ ವಾರವೇ ಹಿಡಿಯಬೇಕು. ಫಲಿತಾಂಶಕ್ಕೆ ಕಾಯಬೇಕಾದ ಕಾಗದ ಅಂಕಪಟ್ಟಿ ಮತ್ತು ವರ್ಗಾವಣೆ ಪತ್ರ ಎರಡೇ.

ಇಲಾಖೆ ಪ್ರತಿವರ್ಷ ದಂಡವಿಲ್ಲದೆ ಸೇರಲು ಒಂದು ಕೊನೆಯ ದಿನ, ದಂಡ ಶುಲ್ಕದೊಂದಿಗೆ ಸೇರಲು ಇನ್ನೊಂದು ಕೊನೆಯ ದಿನ ಪ್ರಕಟಿಸುತ್ತದೆ. ಬೇಡಿಕೆಯಿರುವ ಕಾಲೇಜುಗಳಲ್ಲಿ ಅದಕ್ಕೂ ಬಹಳ ಮುಂಚೆ ಸೀಟು ತುಂಬಿರುತ್ತದೆ. ಪರೀಕ್ಷೆ-2ರಲ್ಲಿ ಪಾಸಾದವರು ಸೇರಬಹುದು, ಆದರೆ ಉಳಿದ ಸೀಟಿಗೆ ಮಾತ್ರ. ಮರುಮೌಲ್ಯಮಾಪನಕ್ಕೆ ಹಾಕಿದ್ದರೆ ಈಗಿರುವ ಅಂಕದಲ್ಲೇ ಅರ್ಜಿ ಕೊಟ್ಟುಬಿಡಿ. ಅಂಕ ಏರಿದರೆ ಹೊಸ ಅಂಕಪಟ್ಟಿ ಹಿಡಿದು ಹೋಗಿ ತಿದ್ದಿಸಬಹುದು, ಹಾಕದ ಅರ್ಜಿಯನ್ನು ತಿದ್ದಿಸಲಾಗದು.

ಚರ್ಚ್‌ನಿಂದ ಬೇಕಾದ ಕಾಗದ

ಇದು ಕ್ರೈಸ್ತ ಕುಟುಂಬಗಳಿಗೆ ಮಾತ್ರ. ಉಳಿದವರು ಮುಂದಿನ ಭಾಗಕ್ಕೆ ಹೋಗಬಹುದು.

ಎರಡು ಕಾಗದ ಕೇಳುತ್ತಾರೆ: ದೀಕ್ಷಾಸ್ನಾನದ ಪ್ರಮಾಣಪತ್ರ, ಮತ್ತು ಈಗಿನ ಸಭೆಯ ಫಾದರ್ ಅಥವಾ ಪಾಸ್ಟರ್ ಕೊಡುವ ಪತ್ರ. ಮೊದಲನೆಯದನ್ನು ಕೊಡುವವರು ದೀಕ್ಷಾಸ್ನಾನ ಆದ ಚರ್ಚಿನವರು. ನೀವು ಈಗ ಹೋಗುತ್ತಿರುವ ಚರ್ಚಿನವರಿಗೆ ಅದನ್ನು ಕೊಡಲು ಬರುವುದಿಲ್ಲ. ಕೂಲಿಗಾಗಿ ಪುಣೆ, ಮುಂಬಯಿ, ಬೆಂಗಳೂರಿಗೆ ಹೋಗಿದ್ದಾಗ ಮಗುವಿಗೆ ಅಲ್ಲೇ ದೀಕ್ಷಾಸ್ನಾನ ಕೊಡಿಸಿದ ಕುಟುಂಬಗಳು ಈ ಮೂರು ಜಿಲ್ಲೆಯಲ್ಲಿ ಕಡಿಮೆ ಇಲ್ಲ. ಕ್ಯಾಥೊಲಿಕ್ ಧರ್ಮಕೇಂದ್ರಗಳಲ್ಲಿ ರಿಜಿಸ್ಟರ್ ಗಟ್ಟಿಯಾಗಿರುತ್ತದೆ. ದೀಕ್ಷಾಸ್ನಾನದ ಅಂದಾಜು ತಿಂಗಳು, ವರ್ಷ, ತಂದೆ-ತಾಯಿ ಮತ್ತು ಜ್ಞಾನ ತಂದೆ-ತಾಯಿಯ ಹೆಸರು ಬರೆದು ಕಳಿಸಿದರೆ ಹುಡುಕಿ ಪ್ರತಿ ಕೊಡುತ್ತಾರೆ. ಮನೆಯಲ್ಲಿರುವ ಹದಿನೈದು ವರ್ಷ ಹಳೆಯ ಹಳದಿ ಕಾಗದಕ್ಕಿಂತ ಹೊಸದಾಗಿ ಮುದ್ರೆ ಹಾಕಿಸಿದ ಪ್ರತಿ ಒಳ್ಳೆಯದು.

ಎರಡನೆಯ ಪತ್ರದಲ್ಲಿ ಕುಟುಂಬ ಎಷ್ಟು ವರ್ಷದಿಂದ ಸಭೆಯಲ್ಲಿದೆ, ಭಾನುವಾರದ ಆರಾಧನೆಗೆ ಬರುತ್ತದೆಯೇ, ಮಗು ಧರ್ಮೋಪದೇಶ ಅಥವಾ ಸಂಡೆ ಸ್ಕೂಲ್ ಮುಗಿಸಿದೆಯೇ ಎಂದಿರಬೇಕು. "ಇವರು ನನಗೆ ಗೊತ್ತು, ಒಳ್ಳೆಯ ಕುಟುಂಬ" ಎಂಬ ಎರಡು ಸಾಲಿಗೆ ತೂಕವಿಲ್ಲ. ಮೆಥೊಡಿಸ್ಟ್ ಸಭೆಗಳಲ್ಲಿ ಪಾಸ್ಟರ್‌ಗಳ ನೇಮಕ ವಾರ್ಷಿಕ ಸಮ್ಮೇಳನದಲ್ಲಿ ಆಗುತ್ತದೆ. ಹೊಸಬರು ಬಂದಿದ್ದರೆ ಅವರಿಗೆ ನಿಮ್ಮ ಪರಿಚಯವಿರುವುದಿಲ್ಲ, ಸದಸ್ಯರ ರಿಜಿಸ್ಟರ್ ನೋಡಿ ಬರೆಯಲು ಸಮಯ ಬೇಕಾಗುತ್ತದೆ. ಹಳಬರು ವರ್ಗವಾಗುವ ಸುದ್ದಿ ಇದ್ದರೆ ಅವರ ಕೈಯಿಂದಲೇ ಬರೆಸಿಟ್ಟುಕೊಳ್ಳಿ. ಕ್ಯಾಥೊಲಿಕರಿಗೆ ಈ ಮೂರು ಜಿಲ್ಲೆಯೂ 2005ರಲ್ಲಿ ಆದ ಗುಲ್ಬರ್ಗ ಧರ್ಮಕ್ಷೇತ್ರದ ಒಳಗೇ ಬರುತ್ತವೆ. ಹಾಗಾಗಿ ಒಂದು ಧರ್ಮಕೇಂದ್ರದ ಪತ್ರವನ್ನು ಇನ್ನೊಂದು ಕಡೆ ಓದುವವರಿಗೆ ಬರೆದವರ ಸಹಿ ಪರಿಚಯವೇ ಇರುತ್ತದೆ.

ಪೆಂಟೆಕೋಸ್ಟಲ್ ಮತ್ತು ಸ್ವತಂತ್ರ ಸಭೆಗಳಲ್ಲಿ ಶಿಶುವಿಗೆ ದೀಕ್ಷಾಸ್ನಾನ ಕೊಡುವುದಿಲ್ಲ, ತಿಳಿವಳಿಕೆ ಬಂದ ಮೇಲೆ ಮುಳುಗಿಸಿ ಕೊಡುತ್ತಾರೆ. ಹದಿನೈದರ ಮಗುವಿನ ಬಳಿ ಪ್ರಮಾಣಪತ್ರ ಇಲ್ಲದಿರುವುದು ಅಲ್ಲಿ ಸಹಜ. ತಂದೆ-ತಾಯಿಯ ಪ್ರಮಾಣಪತ್ರ, ಶಿಶು ಸಮರ್ಪಣೆಯ ದಾಖಲೆ ಇದ್ದರೆ ಅದು, ಪಾಸ್ಟರ್ ಪತ್ರ ಇಷ್ಟನ್ನು ಸೇರಿಸಿ ಕೊಡಿ. ಒಪ್ಪುವುದು ಬಿಡುವುದು ಕಾಲೇಜಿನ ಆಡಳಿತಕ್ಕೆ ಬಿಟ್ಟದ್ದು. ಸೀಟಿಗಾಗಿ ಅವಸರದಲ್ಲಿ ದೀಕ್ಷಾಸ್ನಾನ ಕೊಡಿಸಿದರೆ ದಿನಾಂಕವೇ ಎಲ್ಲ ಹೇಳುತ್ತದೆ. ಅದನ್ನು ನೋಡುವ ಫಾದರ್‌ಗಳು ಇಂಥವು ಬಹಳ ನೋಡಿರುತ್ತಾರೆ.

ಹೆಸರಿನ ತೊಡಕು ಬೀದರ್ ಕಡೆ ಜಾಸ್ತಿ. ಚರ್ಚಿನ ರಿಜಿಸ್ಟರ್‌ನಲ್ಲಿ ಒಂದು ಹೆಸರು, ಸಾಲಿಯ ದಾಖಲೆಯಲ್ಲಿ ಇನ್ನೊಂದು: ಅಲ್ಲಿ ಸ್ಯಾಮುಯೆಲ್, ಇಲ್ಲಿ ಸಂಜೀವಕುಮಾರ. ಇಬ್ಬರೂ ಒಬ್ಬರೇ ಎಂದು ಪಾಸ್ಟರ್ ಪತ್ರದಲ್ಲೇ ಬರೆಸಿ, ಹುಟ್ಟಿದ ದಿನ ಮತ್ತು ತಂದೆ-ತಾಯಿಯ ಹೆಸರು ಎರಡು ಕಡೆಯೂ ಹೊಂದುವಂತೆ ನೋಡಿಕೊಳ್ಳಿ. ಅರ್ಜಿಯಲ್ಲಿ ಬರೆಯುವುದು ಮಾತ್ರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ.

ಸರ್ಕಾರದ ಕಾಗದ, ಮತ್ತು ಜಾತಿ ಪ್ರಮಾಣಪತ್ರದ ಬಿಕ್ಕಟ್ಟು

ಅಂಕಪಟ್ಟಿ, ವರ್ಗಾವಣೆ ಪತ್ರ, ಸ್ಯಾಟ್ಸ್ ಸಂಖ್ಯೆ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಸಂಖ್ಯೆ), ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಫೋಟೊ. ಅಂಕಪಟ್ಟಿಯನ್ನು ಡಿಜಿಲಾಕರ್‌ನಿಂದ ತೆಗೆಯಬಹುದು. ಮೂಲ ವರ್ಗಾವಣೆ ಪತ್ರ ಕೊಟ್ಟ ಮೇಲೆ ಅದು ಕಾಲೇಜಿನ ಸ್ವತ್ತು, ಆದ್ದರಿಂದ ಸೀಟು ಖಚಿತವಾಗದೆ ಅದನ್ನು ಬಿಡಬೇಡಿ. ಅರ್ಜಿಯ ಹಂತದಲ್ಲಿ ಝರಾಕ್ಸ್ ಸಾಕು. ಪ್ರತಿಯೊಂದರ ಆರೇಳು ಪ್ರತಿ ಒಂದೇ ಸಲ ಮಾಡಿಸಿ, ಫಲಿತಾಂಶದ ವಾರ ಕಾಲೇಜಿನ ಪಕ್ಕದ ಝರಾಕ್ಸ್ ಅಂಗಡಿಯಲ್ಲಿ ಸರದಿ ಉದ್ದ.

ಜಾತಿ ಪ್ರಮಾಣಪತ್ರ ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ ಡಿ, ಪ್ರವರ್ಗ-1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಏಳನೇ ತರಗತಿ ಸೇರುವಾಗ ಮಾಡಿಸಿದ್ದರೆ ಪಿಯು ಮಧ್ಯದಲ್ಲಿ ಮುಗಿದು ಸ್ಕಾಲರ್‌ಶಿಪ್ ನಿಲ್ಲುತ್ತದೆ. ಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಬೇರೆ ಬರೆದಿಟ್ಟುಕೊಳ್ಳಿ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಅದನ್ನೇ ಕೇಳುತ್ತದೆ.

ಈಗ ಯಾರೂ ಗಟ್ಟಿಯಾಗಿ ಹೇಳದ ವಿಷಯ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಬಂದವರನ್ನು ಕರ್ನಾಟಕ ಪ್ರವರ್ಗ-1ರಲ್ಲಿ ಇಟ್ಟಿದೆ, ಇತರ ಕ್ರೈಸ್ತರನ್ನು 3ಬಿಯಲ್ಲಿ. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ನಿಬಂಧನೆ ಇಲ್ಲ. ಒಂದೇ ಅರ್ಜಿಗೆ ದೀಕ್ಷಾಸ್ನಾನದ ಪತ್ರವನ್ನೂ ಪರಿಶಿಷ್ಟ ಜಾತಿಯ ನಮೂನೆ ಡಿ ಪ್ರಮಾಣಪತ್ರವನ್ನೂ ಲಗತ್ತಿಸಿದರೆ ಎರಡೂ ಪರಸ್ಪರ ಸುಳ್ಳಾಗಿಸುತ್ತವೆ. ಕಾಲೇಜು ಅದನ್ನು ಗಮನಿಸದೆ ಇರಬಹುದು. ಆದರೆ ಆ ಕಡತ ಉಳಿಯುತ್ತದೆ. ಮುಂದೆ ಸಿಇಟಿ ಅಥವಾ ನೌಕರಿಯ ಸಿಂಧುತ್ವ ಪರಿಶೀಲನೆಯಲ್ಲಿ ಹೊರಬರಬಹುದು. 2024ರ ನವೆಂಬರ್‌ನಲ್ಲಿ ಪುದುಚೇರಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ರೈಸ್ತ ಧರ್ಮ ಪಾಲಿಸುತ್ತಾ ನೌಕರಿಗಾಗಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಿದ್ದನ್ನು ತಳ್ಳಿಹಾಕಿದೆ. ಯಾವ ಪಟ್ಟಿ ಎಂದು ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಿ, ಆ ಒಂದು ಪಟ್ಟಿಯ ಕಾಗದ ಮಾತ್ರ ಕೊಡಿ. ಈ ಕಾನೂನು ಸರಿಯೋ ತಪ್ಪೋ ಎಂಬ ವಾದ ದೊಡ್ಡದು, ಪ್ರವೇಶದ ಕೌಂಟರ್ ಅದಕ್ಕೆ ಜಾಗವಲ್ಲ.

ಗಡಿಯಾಚೆಯಿಂದ ಬರುವವರಿಗೆ ಇನ್ನೊಂದಿಷ್ಟು. ಉದಗೀರ, ಸೊಲ್ಲಾಪುರ, ಜಹೀರಾಬಾದ್ ಕಡೆ ಹತ್ತನೇ ತರಗತಿ ಓದಿದವರು, ಮತ್ತು ಇಲ್ಲೇ ಸಿಬಿಎಸ್‌ಇ, ಐಸಿಎಸ್‌ಇ ಮುಗಿಸಿದವರು, ಮೈಗ್ರೇಶನ್ ಸರ್ಟಿಫಿಕೇಟ್ ತರಬೇಕು, ಪದವಿ ಪೂರ್ವ ಇಲಾಖೆಯ ಅರ್ಹತಾ ಪತ್ರವೂ ಬೇಕೇ ಎಂದು ಕಾಲೇಜಿನಲ್ಲಿ ಕೇಳಿಕೊಳ್ಳಬೇಕು. ಹೊರ ರಾಜ್ಯದ ವರ್ಗಾವಣೆ ಪತ್ರಕ್ಕೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿಕೊಂಡೇ ಊರು ಬಿಡಿ.

ಅರ್ಜಿ ತುಂಬುವಾಗ

ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕ, ಸಿಬಿಎಸ್‌ಇ ಸಾಮಾನ್ಯವಾಗಿ 500. ಇಬ್ಬರನ್ನೂ ಒಂದೇ ಮೆರಿಟ್ ಪಟ್ಟಿಗೆ ತರುವಾಗ ಶೇಕಡಾವಾರು ನೋಡುತ್ತಾರೆ. 531 ಬಂದಿದ್ದರೆ ಅದು 84.96, ದುಂಡು ಮಾಡಿ 85 ಎಂದು ಬರೆದರೆ ತಿದ್ದುಪಡಿಗೆ ವಾಪಸು ಬರುತ್ತದೆ, 500ಕ್ಕೆ 425 ತೆಗೆದ ಮಗು ನಿಮಗಿಂತ ಮೇಲೆಯೇ ನಿಲ್ಲುತ್ತದೆ. ಅಂಕ ಸಮವಾದಾಗ ವಿಜ್ಞಾನಕ್ಕೆ ಗಣಿತ, ವಿಜ್ಞಾನದ ಅಂಕ ನೋಡುವ ರೂಢಿ ಇದೆ.

ಕಾಂಬಿನೇಶನ್ ಕಾಲಂನಲ್ಲಿ ಎರಡು ಮೂರು ಆಯ್ಕೆ ಕೇಳುತ್ತಾರೆ. ಒಂದೇ ಬರೆದು ಬಿಟ್ಟರೆ ಆ ಸೀಟು ಹೋದೊಡನೆ ಅರ್ಜಿಯೇ ಹೋದಂತೆ. ಕಂಪ್ಯೂಟರ್ ಬದಲು ಜೀವಶಾಸ್ತ್ರವಿರುವ ಪಿಸಿಎಂಬಿಯಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಮೂರೂ ಬಾಗಿಲು ತೆರೆದಿರುತ್ತವೆ, ಓದಿನ ಹೊರೆಯೂ ಅಷ್ಟೇ. ಪಿಸಿಎಂಸಿಯಲ್ಲಿ ಜೀವಶಾಸ್ತ್ರ ಇಲ್ಲ, ನರ್ಸಿಂಗ್ ಮನಸ್ಸಿನಲ್ಲಿದ್ದರೆ ಅದು ಬೇಡ. ವಾಣಿಜ್ಯದಲ್ಲಿ ಇತಿಹಾಸವಿರುವ ಎಚ್‌ಇಬಿಎ, ಸಂಖ್ಯಾಶಾಸ್ತ್ರವಿರುವ ಎಸ್‌ಇಬಿಎ, ಕಂಪ್ಯೂಟರ್ ಇರುವುದು ಬೇರೆ. ಗಣಿತಕ್ಕೆ ಹೆದರಿ ವಾಣಿಜ್ಯಕ್ಕೆ ಬಂದವರು ಎಸ್‌ಇಬಿಎ ಬರೆದು ಆಗಸ್ಟ್‌ನಲ್ಲಿ ಬದಲಿಸಲು ಓಡಾಡುತ್ತಾರೆ. ಕಲಾ ವಿಭಾಗವನ್ನು ಕಾನ್ವೆಂಟ್‌ಗಳು ಬಹಳ ಕಡೆ ಇಟ್ಟೇ ಇರುವುದಿಲ್ಲ. ಇದ್ದಲ್ಲಿ ಎಚ್‌ಇಪಿಎಸ್‌ಗೆ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಕಡಿಮೆ ಅಂಕಕ್ಕೂ ಸೀಟು ಸಿಗುತ್ತದೆ, ಕೆಎಎಸ್ ಕನಸಿನ ಮಕ್ಕಳಿಗೆ ಅದು ಕೆಟ್ಟ ಆಯ್ಕೆಯೇನಲ್ಲ.

ಭಾಷೆಯ ಕಾಲಂ ಕಡೆ ಯಾರೂ ನೋಡುವುದಿಲ್ಲ, ಕಷ್ಟವೂ ಅಲ್ಲೇ ಬರುತ್ತದೆ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ವಿಷಯ, ಒಟ್ಟು 600 ಅಂಕ. ಔರಾದ್, ಭಾಲ್ಕಿ ಕಡೆಯ ಮರಾಠಿ ಮಾಧ್ಯಮದ ಮಕ್ಕಳು, ಉರ್ದು ಮಾಧ್ಯಮದ ಮಕ್ಕಳು ತಮ್ಮ ಭಾಷೆ ಇಲಾಖೆಯ ಪಟ್ಟಿಯಲ್ಲಿದೆ ಎಂದು ಬರೆದುಬಿಡುತ್ತಾರೆ; ಆ ಕಾಲೇಜಿನಲ್ಲಿ ಅದಕ್ಕೆ ಉಪನ್ಯಾಸಕರೇ ಇರುವುದಿಲ್ಲ. ಆಮೇಲೆ ಸಿಗುವುದು ಹಿಂದಿ ಅಥವಾ ಕನ್ನಡ. ಮೊದಲೇ ಕೇಳಿ.

ಸಂದರ್ಶನ

ಪ್ರಾಚಾರ್ಯರು ಮಗುವಿನೊಂದಿಗೆ ತಂದೆ ಅಥವಾ ತಾಯಿಯನ್ನು ಕರೆಯುತ್ತಾರೆ. ಐದು ಹತ್ತು ನಿಮಿಷದ ಮಾತು. ಏಕೆ ಈ ಕಾಂಬಿನೇಶನ್, ಗಣಿತದಲ್ಲಿ ಏಕೆ ಕಡಿಮೆ, ಊರಿಂದ ದಿನಾ ಓಡಾಡುತ್ತೀಯೋ ಹಾಸ್ಟೆಲೋ ಎಂಬಂಥವು. ಉತ್ತರ ಮಗುವೇ ಕೊಡಲಿ. ಕನ್ನಡ ಮಾಧ್ಯಮದ ಮಗು ಕನ್ನಡದಲ್ಲೇ ಹೇಳಬಹುದು. ಬಾಯಿಪಾಠದ ಇಂಗ್ಲಿಷ್‌ಗಿಂತ ಅದು ಚೆನ್ನ. ಕ್ರೈಸ್ತೇತರ ಪಾಲಕರು ಕೇಳಲು ಹಿಂಜರಿಯುವ ಪ್ರಶ್ನೆ ಪ್ರಾರ್ಥನೆಯದು. ಸಂವಿಧಾನದ 28(3) ವಿಧಿಯಂತೆ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಪಾಲಕರ ಒಪ್ಪಿಗೆ ಇಲ್ಲದೆ ಅಪ್ರಾಪ್ತ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಅದೇ ಹೊತ್ತಿಗೆ ಮೌಲ್ಯ ಶಿಕ್ಷಣ ಎಂಬ ಏರ್ಪಾಡು ಇರುತ್ತದೆ. ಸಹಿ ಹಾಕುವ ಮೊದಲು ಅರ್ಜಿಯ ಹಿಂಬದಿಯ ನಿಯಮಗಳನ್ನು ಓದಿ.

ಪಟ್ಟಿ ಬಂದ ಮೇಲೆ

ಆಯ್ಕೆ ಪಟ್ಟಿ ನೋಟಿಸ್ ಬೋರ್ಡ್ ಮೇಲೆ ಬರುತ್ತದೆ, ಹಣ ಕಟ್ಟಲು ಎರಡು ಮೂರು ದಿನ ಕೊಡುತ್ತಾರೆ. ತಪ್ಪಿದರೆ ಸೀಟು ಕಾಯುವವರ ಪಟ್ಟಿಗೆ ಹೋಗುತ್ತದೆ. ಫೋನ್ ಬರುತ್ತದೆಂದು ಸೇಡಂ, ಸುರಪುರದಲ್ಲಿ ಕುಳಿತು ಕಾಯುವುದಕ್ಕಿಂತ ಊರಿನ ಒಬ್ಬರಿಗೆ ದಿನಾ ಬೋರ್ಡ್ ನೋಡಲು ಹೇಳುವುದು ಲೇಸು. ಕಾಯುವ ಪಟ್ಟಿ ಸರಿಯುವುದು ಸರ್ಕಾರಿ, ವಸತಿ ಮತ್ತು ದೊಡ್ಡ ಕೋಚಿಂಗ್ ಕಾಲೇಜುಗಳ ಆಯ್ಕೆ ಮುಗಿದಾಗ, ಒಮ್ಮೆಲೆ ಹತ್ತಾರು ಜನ ಬಿಟ್ಟುಹೋಗುತ್ತಾರೆ. ಆದ್ದರಿಂದ ಎಂಟನೆಯವರೋ ಹತ್ತನೆಯವರೋ ಆಗಿದ್ದರೆ ಕೈಬಿಡಬೇಡಿ. ಇನ್ನೊಂದು ಕಾಲೇಜಿನಲ್ಲಿ ಸೀಟು ಹಿಡಿದಿದ್ದರೆ ಅಲ್ಲಿ ಬಿಟ್ಟರೆ ಎಷ್ಟು ಹಣ ವಾಪಸು ಎಂಬುದನ್ನು ಕಟ್ಟುವ ಮೊದಲು ಬರಹದಲ್ಲಿ ನೋಡಿ.

ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಬೇಕು. ಕರ್ನಾಟಕದಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ 1984ರಿಂದ ಇದೆ. ಕಟ್ಟಡ ನಿಧಿ, ಅಭಿವೃದ್ಧಿ ನಿಧಿ ಎಂಬ ಹೆಸರಲ್ಲಿ ರಸೀದಿ ಇಲ್ಲದೆ ಕೇಳಿದರೆ ದೂರು ಹೋಗುವುದು ಉಪನಿರ್ದೇಶಕರ ಕಚೇರಿಗೆ. ಬಡ ಕ್ರೈಸ್ತ ಕುಟುಂಬಗಳಿಗೆ ಶುಲ್ಕದಲ್ಲಿ ರಿಯಾಯಿತಿ ಅಥವಾ ಕಂತು ಸಿಗಬಹುದು. ಅದನ್ನು ಬಾಯಲ್ಲಿ ಕೇಳುವುದಕ್ಕಿಂತ ಪಾಸ್ಟರ್ ಪತ್ರ, ಆದಾಯ ಪ್ರಮಾಣಪತ್ರ ಲಗತ್ತಿಸಿ ಅರ್ಜಿ ಕೊಟ್ಟರೆ ಕೆಲಸವಾಗುತ್ತದೆ.

ಹಾಸ್ಟೆಲ್ ಬೇಕಿದ್ದರೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಬೇರೆ ಅರ್ಜಿ, ಬೇರೆ ಪೋರ್ಟಲ್, ಬೇರೆ ಕೊನೆಯ ದಿನ. ಕಾಲೇಜಿನ ಪ್ರವೇಶ ಸಂಖ್ಯೆ ಬಂದ ದಿನವೇ ಹಾಕಿ. ಸ್ಕಾಲರ್‌ಶಿಪ್ ಹಣ ಆಧಾರ್ ಜೋಡಣೆಯಾದ ಮಗುವಿನ ಖಾತೆಗೇ ಬರುತ್ತದೆ; ಖಾತೆ ಇದ್ದರೂ ಬ್ಯಾಂಕಿನಲ್ಲಿ ಜೋಡಣೆ ಆಗದೆ ಹಣ ನಿಂತವರು ಬಹಳ. ಬಸ್ಸಿನಲ್ಲಿ ಓಡಾಡುವ ಹುಡುಗಿಯರಿಗೆ ಶಕ್ತಿ ಯೋಜನೆ ಇದೆ, ಹುಡುಗರು ಸೇವಾ ಸಿಂಧುವಿನಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಪಾಸಿಗೆ ಅರ್ಜಿ ಹಾಕಬೇಕು.

ಸೇರಿದ ಮೊದಲ ತಿಂಗಳಲ್ಲೇ ಸ್ಯಾಟ್ಸ್‌ನಲ್ಲಿ ಹೆಸರು, ಹುಟ್ಟಿದ ದಿನ, ಜಾತಿ, ಕಾಂಬಿನೇಶನ್, ಭಾಷೆ ಸರಿ ನಮೂದಾಗಿವೆಯೇ ಎಂದು ಕಾಲೇಜಿನಲ್ಲಿ ಕೇಳಿ ನೋಡಿ. ಎರಡು ವರ್ಷದ ಮೇಲೆ ಸಿಇಟಿ ಅರ್ಜಿ ಈ ಮಾಹಿತಿಯನ್ನೇ ಎಳೆದುಕೊಳ್ಳುತ್ತದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಲೆಕ್ಕ ಒಂದರಿಂದ ಹತ್ತನೇ ತರಗತಿವರೆಗಿನ ಓದು. ಪಿಯು ನಗರದ ಇಂಗ್ಲಿಷ್ ಮಾಧ್ಯಮದ ಕಾಲೇಜಿನಲ್ಲಿ ಮಾಡಿದರೆ ಅವು ಹೋಗುವುದಿಲ್ಲ. ಹಳ್ಳಿಯ ಸಾಲಿಗಳಿಂದ ವ್ಯಾಸಂಗ ಪ್ರಮಾಣಪತ್ರ ತಂದು ಬಿಇಒ ಮೇಲುಸಹಿ ಮಾಡಿಸುವುದನ್ನು ಹೆಡ್‌ಮಾಸ್ಟರ್ ವರ್ಗವಾಗುವ ಮೊದಲೇ ಮುಗಿಸಿ. ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ಪ್ರಮಾಣಪತ್ರವೂ ಪಿಯು ಸೀಟಿಗೆ ಬೇಕಾದದ್ದಲ್ಲ, ಸಿಇಟಿಗೆ ಬೇಕು. ಅದನ್ನು ಕೊಡುವುದು ಸಹಾಯಕ ಆಯುಕ್ತರ ಕಚೇರಿ, ದ್ವಿತೀಯ ಪಿಯು ಪರೀಕ್ಷೆಯ ಹೊತ್ತಿಗೆ ಅಲ್ಲಿ ಇಡೀ ಉಪವಿಭಾಗದ ಅರ್ಜಿಗಳು ಬಿದ್ದಿರುತ್ತವೆ. ಪ್ರಥಮ ಪಿಯುವಿನ ದಸರಾ ರಜೆಯಲ್ಲಿ ಹೋದರೆ ಸಲೀಸು.